ಹಳೇ ಬರೆಯುವ ಮೇಜು, ಮೇಲೊಂದು ಗಾಜಿನ ಕಪಾಟು: ಎಷ್ಟು ಹಳೆಯದು, ಏನು ಬೆಲೆ ಬಾಳುತ್ತದೆ?

ಹಳೇಮೇಜು:

ಎಲ್ಲರಿಗೂ ನಮಸ್ಕಾರ. ಒಂದು ಮನೆ ಖಾಲಿ ಮಾಡುವಾಗ ಮಾರಾಟಕ್ಕಿಟ್ಟಿದ್ದ ಮರದ ಸಾಮಾನೊಂದನ್ನು ಕೊಂಡಿದ್ದೇನೆ. ಎರಡು ಭಾಗ ಇದೆ. ಕೆಳಗಿನದು ಬರೆಯುವ ಮೇಜು. ಅದರ ಮುಚ್ಚಳ ಇಳಿಜಾರು, ಮುಂದಕ್ಕೆ ಎಳೆದು ಮಲಗಿಸಿದರೆ ಅದೇ ಬರೆಯುವ ಹಲಗೆ ಆಗುತ್ತದೆ, ಒಳಗೆ ಕಾಗದಪತ್ರ ಇಡಲು ಪುಟ್ಟ ಪುಟ್ಟ ಗೂಡುಗಳಿವೆ. ಮುಚ್ಚಳದ ಕೆಳಗೆ ನಾಲ್ಕು ಡ್ರಾಯರ್, ಹಿತ್ತಾಳೆ ಹಿಡಿಗಳು. ಈ ಮೇಜಿನ ನೆತ್ತಿ ಮೇಲೆ ಗಾಜಿನ ಬಾಗಿಲಿನ ಪುಸ್ತಕದ ಕಪಾಟು ಕೂತಿದೆ. ಇಬ್ಬರು ಹಿಡಿದು ಎತ್ತಿದರೆ ಬೇರೆಯಾಗಿ ಬರುತ್ತದೆ.

ಮಾರಿದವರು ಹೇಳಿದ್ದು ಇಷ್ಟು: ಇಂಗ್ಲೆಂಡಿನಲ್ಲಿ ಮಾಡಿದ್ದು, 1750ರ ಹೊತ್ತಿನದು, ಪೂರ್ತಿ ರೋಸ್‌ವುಡ್, ಮೇಲಿಂದ ಕೆಳಗಿನವರೆಗೆ ಎಲ್ಲ ಒರಿಜಿನಲ್. ಕಾಗದ, ಚೀಟಿ, ರಸೀದಿ ಏನೂ ಇಲ್ಲ. ಡ್ರಾಯರಿನ ಬೀಗದ ಮೇಲೆ ಒಂದು ಕಿರೀಟ, ಅದರ ಪಕ್ಕ ವಿ ಆರ್ ಅಂತ ಅಚ್ಚು ಇದೆ. ಮುಂಭಾಗದ ಫೋಟೋಗಳನ್ನು ಹಾಕಿದ್ದೇನೆ.

ನನಗೆ ಗೊತ್ತಾಗಬೇಕಾದ್ದು: ಇದು ನಿಜವಾಗಿ ಎಷ್ಟು ಹಳೆಯದು? ಯಾವ ಮರ? ವಿಮೆ ಮಾಡಿಸಲು ಅಥವಾ ಮುಂದೆ ಮಾರಲು ಬೆಲೆ ಹೇಗೆ ಕಟ್ಟುವುದು? ಇನ್ನೊಂದು ವಿಷಯ, ಮೇಲ್ಮೈ ಕಪ್ಪಾಗಿ ಮಂಕಾಗಿದೆ, ಮಷೀನಿನಲ್ಲಿ ಉಜ್ಜಿಸಿ ಹೊಸದಾಗಿ ಪಾಲಿಶ್ ಮಾಡಿಸಿದರೆ ಬೆಲೆ ಜಾಸ್ತಿ ಆಗುತ್ತದೆ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ಒಂದು ಕಾಲಿನಲ್ಲಿ ಸಣ್ಣ ಸಣ್ಣ ತೂತುಗಳೂ ಇವೆ. ಏನು ಮಾಡಲಿ?

---

ಉಳಿಗರಗಸ:

ಮೊದಲು ಒಂದು ಮಾತು. ಸ್ಯಾಂಡರನ್ನು ಆ ಮೇಜಿನ ಹತ್ತಿರಕ್ಕೂ ತರಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸದ್ಯಕ್ಕೆ ಅಷ್ಟೇ ಸಾಕು. ಆ ಮಂಕು ಬಣ್ಣ, ಕೈ ಆಡಿ ಆಡಿ ಆದ ಸವೆತ, ಮೂಲೆಗಳಲ್ಲಿ ಕೂತ ಕಪ್ಪು, ಇವೆಲ್ಲ ಬರಲು ತಲೆಮಾರುಗಳು ಬೇಕು. ಉಜ್ಜಿ ತೆಗೆಯಲು ಒಂದು ಮಧ್ಯಾಹ್ನ ಸಾಕು. ಆಮೇಲೆ ಯಾವ ಕುಶಲಿಗನಿಗೂ ಅದನ್ನು ವಾಪಸ್ ತರಲು ಆಗುವುದಿಲ್ಲ. ಕೊಳ್ಳುವವರು ದುಡ್ಡು ಕೊಡುವುದೂ ಬಹುಮಟ್ಟಿಗೆ ಅದಕ್ಕೇ.

ಫೋಟೋಗಳೆಲ್ಲ ಮುಂಭಾಗದ್ದು. ಮುಂಭಾಗ ನೋಡಿ ವಯಸ್ಸು ಹೇಳಲು ಹೋಗಬಾರದು, ಯಾಕೆಂದರೆ ಮಾಡಿದವನು, ರಿಪೇರಿ ಮಾಡಿದವನು, ಮಾರಿದವನು ಎಲ್ಲರೂ ಕೈ ಆಡಿಸಿರುವುದು ಅಲ್ಲೇ. ಯಾರೂ ನೋಡದ ಜಾಗ ನೋಡಬೇಕು. ಡ್ರಾಯರಿನ ತಳ, ಹಿಂದಿನ ಹಲಗೆ, ಮೇಜಿನ ಅಡಿ, ಕಪಾಟು ಕೂರುವ ಜಾಗ.

ಒಂದು ಡ್ರಾಯರ್ ಪೂರ್ತಿ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಮುಂದಿನ ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಮೂಲೆಯಲ್ಲಿ ಡವ್‌ಟೇಲ್ ಹಲ್ಲುಗಳು, ಅಂದರೆ ಒಂದರೊಳಗೊಂದು ಕೂರುವ ಪಾರಿವಾಳದ ಬಾಲದಂಥ ಹಲ್ಲುಗಳು ಕಾಣುತ್ತವೆ. ಕೈಯಲ್ಲಿ ಕೊಯ್ದಿದ್ದರೆ ಒಂದು ಹಲ್ಲು ದಪ್ಪ, ಇನ್ನೊಂದು ಸಣ್ಣ, ಅಂತರವೂ ಹೆಚ್ಚುಕಮ್ಮಿ. ಹಲ್ಲಿನ ಬುಡದಲ್ಲಿ ಸೂಜಿಯಲ್ಲಿ ಗೀರಿದಂಥ ಒಂದು ಗೆರೆ ಇರುತ್ತದೆ, ಅದು ಬಡಗಿ ಅಳತೆಗೆ ಹಾಕಿಕೊಂಡ ಗುರುತು. ಎಲ್ಲ ಹಲ್ಲೂ ಒಂದೇ ಅಳತೆ, ಒಂದೇ ಅಂತರ ಇದ್ದರೆ ಯಂತ್ರದ ಕೆಲಸ, ಅದು 19ನೇ ಶತಮಾನದ ಎರಡನೇ ಅರ್ಧ ಅಥವಾ ಅದರಿಂದ ಈಚೆಗೆ. ಹಲ್ಲಿನ ಬದಲು ಅರ್ಧಚಂದ್ರದ ಸಾಲು, ನಡುವೆ ಗುಂಡು ಕಡ್ಡಿ ಕಂಡರೆ ಅದು 1867ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ನ್ಯಾಪ್ ಜೋಡಣೆ. ಅದು ಬಳಕೆಯಲ್ಲಿದ್ದದ್ದು ಕೆಲವೇ ದಶಕ, ಹಾಗಾಗಿ ಕಾಲ ಹೇಳಲು ಬಹಳ ಒಳ್ಳೆಯ ಗುರುತು.

ಆಮೇಲೆ ತಳ. ಹಲಗೆಯ ಎಳೆ ಎತ್ತ ಓಡುತ್ತದೆ ನೋಡಿ. ಇಂಗ್ಲಿಷ್ ಕೆಲಸದಲ್ಲಿ ಸುಮಾರು 1740ರ ತನಕ ಮುಂದಿನಿಂದ ಹಿಂದಕ್ಕೆ ಓಡುತ್ತಿತ್ತು, ನಂತರ ಎಡದಿಂದ ಬಲಕ್ಕೆ ಹಾಕುವುದು ರೂಢಿಯಾಯಿತು. ಪ್ಲೈವುಡ್ ಇದ್ದರೆ ತಳವಾದರೂ 20ನೇ ಶತಮಾನದ್ದು. ಹಾಗೇ ತಳದ ಅಡಿಯಲ್ಲಿ ಗರಗಸದ ಗುರುತು ಹುಡುಕಿ, ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ನೇರ ಗೆರೆಗಳು, ಅಂತರ ಏರುಪೇರು, ಸ್ವಲ್ಪ ಓರೆ ಇದ್ದರೆ ಕೈ ಗರಗಸ. ಕಮಾನಿನ ಹಾಗೆ ಬಾಗಿದ ಗೆರೆ ಇದ್ದರೆ ಸುತ್ತುವ ಚಕ್ರ ಗರಗಸ. ಅದು ಎಲ್ಲೆಡೆ ಹರಡಿದ್ದು 19ನೇ ಶತಮಾನದಲ್ಲಿ.

ಸ್ಕ್ರೂ ಒಂದನ್ನು ಮೆತ್ತಗೆ ಬಿಚ್ಚಿ. ಬರದಿದ್ದರೆ ಬಲವಂತ ಬೇಡ. ತುದಿ ಮೊಂಡು, ತಲೆಯ ಗೀರು ನಡುವಿಗಿಲ್ಲದೆ ಪಕ್ಕಕ್ಕೆ ಜರುಗಿದ್ದರೆ ಹಳೆಯದು. ಚೂಪು ತುದಿಯ ಸ್ಕ್ರೂ ಯಂತ್ರದಲ್ಲಿ ಮಾಡುವ ಪೇಟೆಂಟ್ ಬಂದದ್ದು 1846ರಲ್ಲಿ. ತಲೆಯಲ್ಲಿ ಕೂಡಿಸು ಗುರುತಿನ ಗೀರಿದ್ದರೆ 1930ರ ದಶಕದಿಂದ ಈಚೆಗೆ. ಮೊಳೆಯೂ ಅಷ್ಟೇ. ತಲೆ ಸುತ್ತಿಗೆ ಪೆಟ್ಟಿನಿಂದ ಮೂಲೆ ಮೂಲೆಯಾಗಿದ್ದರೆ ಕಮ್ಮಾರ ಬಡಿದದ್ದು. ತೆಳು ಉಂಡೆ ತಂತಿ ಮೊಳೆ ಎಲ್ಲೆಡೆ ಬಂದದ್ದು 19ನೇ ಶತಮಾನದ ಕೊನೆಗೆ.

ಒಂದು ಎಚ್ಚರ. ಹಳೇ ಗುರುತು ಒಂದು ಸಿಕ್ಕಿತು ಅಂತ ಸಾಮಾನೇ ಹಳೆಯದು ಅಂತಲ್ಲ. ಕೈಯಲ್ಲಿ ಡವ್‌ಟೇಲ್ ಕೊಯ್ಯುವವರು ಇವತ್ತಿಗೂ ಇದ್ದಾರೆ, ಹಳೇ ಹಲಗೆಯಲ್ಲಿ ಹೊಸ ಮೇಜು ಮಾಡುವವರೂ ಇದ್ದಾರೆ. ರಿಪೇರಿ ಭಾಗಗಳನ್ನು ಬದಿಗಿಟ್ಟು, ಮೊದಲಿನಿಂದಲೂ ಇರಲೇಬೇಕಾದ ಭಾಗಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ ಅದರ ಕಾಲವೇ ಸಾಮಾನಿನ ಕಾಲ. ಇಷ್ಟು ನೋಡಿ ಬರೆಯಿರಿ.

---

ಮರದೆಳೆ:

ಮರದ ವಿಷಯ ನಾನು ಹೇಳುತ್ತೇನೆ. ಫೋಟೋ ನೋಡಿದರೆ ರೋಸ್‌ವುಡ್ ಅನ್ನಿಸುತ್ತಿಲ್ಲ, ಮಹಾಗನಿ ಇರಬೇಕು. ಆದರೆ ಫೋಟೋದ ಬಣ್ಣ ನಂಬಿ ಮರ ಹೇಳಬಾರದು. ಬಣ್ಣ ಹಚ್ಚಿದ ಬೀಚ್ ಮರವೂ ಮಹಾಗನಿಯ ಹಾಗೆ ಕಾಣುತ್ತದೆ. ಮಹಾಗನಿ ಕೂಡ ಬಿಸಿಲಿಗೆ ಬಿದ್ದ ಕಡೆ ಬಿಳಿಚಿಕೊಂಡು ವಾಲ್ನಟ್ ಥರ ಆಗುತ್ತದೆ.

ಪಾಲಿಶ್ ಬೀಳದ ಜಾಗ ಹುಡುಕಿ. ಡ್ರಾಯರಿನ ಮುಂದಿನ ಹಲಗೆಯ ಒಳಬದಿ ಅಥವಾ ಕೆಳ ಅಂಚು ಒಳ್ಳೆಯದು. ಭೂತಗನ್ನಡಿ ಹಿಡಿದು ಎಳೆ ಕಡಿದ ಕೊನೆಯ ಮುಖ ನೋಡಿ, ಅಂದರೆ ಹಲಗೆಯ ಉದ್ದದ ಮೈಯಲ್ಲ, ಅಡ್ಡ ಕೊಯ್ದ ತುದಿ. ಓಕ್ ಆದರೆ ವರ್ಷದ ಉಂಗುರದ ಶುರುವಿನಲ್ಲಿ ದೊಡ್ಡ ರಂಧ್ರಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಮಹಾಗನಿಯಲ್ಲಿ ರಂಧ್ರಗಳು ಎಲ್ಲ ಕಡೆ ಹರಡಿಕೊಂಡಿರುತ್ತವೆ, ನಡುನಡುವೆ ತೆಳುವಾದ ತಿಳಿ ಗೆರೆಗಳು, ರಂಧ್ರಗಳೊಳಗೆ ಕಪ್ಪುಗೆಂಪು ಅಂಟು ಅಥವಾ ಬಿಳಿ ಪುಡಿ. ರೋಸ್‌ವುಡ್‌ನಲ್ಲಿ ಕಂದು ಅಥವಾ ನೇರಳೆ ಮೈಮೇಲೆ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ತೂಕದಲ್ಲೂ ವ್ಯತ್ಯಾಸ ಇದೆ. ಒಣಗಿದ ಮಹಾಗನಿ ಒಂದು ಘನ ಮೀಟರಿಗೆ 600 ಕಿಲೋ ಆಸುಪಾಸು, ಬೀಟೆ, ಅಂದರೆ ನಮ್ಮ ಕಡೆಯ ರೋಸ್‌ವುಡ್, 800 ದಾಟುತ್ತದೆ. ಆದ್ದರಿಂದ ಡ್ರಾಯರ್ ಎತ್ತಿದ ಕೂಡಲೇ ಕೈಗೆ ಅಂದಾಜು ಸಿಗುತ್ತದೆ. ಮುಂದಿನ ಹಲಗೆ ಮಾತ್ರ ಒಳ್ಳೆಯ ಮರ, ಪಕ್ಕ ಮತ್ತು ತಳ ಓಕ್ ಅಥವಾ ಪೈನ್ ಇದ್ದರೆ ಗಾಬರಿ ಬೇಡ. ಒಳಗೆ ಅಗ್ಗದ ಮರ ಹಾಕುವುದು ಆಗಿನ ಪದ್ಧತಿ. ಅದು ಮೋಸ ಅಲ್ಲ.

ಮುಂಭಾಗ ಗಟ್ಟಿ ಹಲಗೆಯೋ ವೆನೀರೋ (ಅಗ್ಗದ ಮರದ ಮೇಲೆ ಅಂಟಿಸಿದ ಒಳ್ಳೆಯ ಮರದ ತೆಳು ಹಾಳೆ) ಅನ್ನುವುದನ್ನೂ ನೋಡಿ. ಅಂಚಿನಲ್ಲಿ ಎದ್ದು ಬಂದ ಕಡೆ ದಪ್ಪ ಅಳೆದುಕೊಳ್ಳಿ. ಕೈಯಲ್ಲಿ ಸೀಳಿದ ಹಳೇ ವೆನೀರ್ ಒಂದೂವರೆ ಮಿಲಿಮೀಟರ್, ಕೆಲವೊಮ್ಮೆ ಇನ್ನೂ ದಪ್ಪ, ಒಂದೊಂದು ಕಡೆ ಒಂದೊಂದು ಥರ. ಒಂದು ಮಿಲಿಮೀಟರಿಗಿಂತ ತೆಳ್ಳಗೆ, ಒಂದೇ ಸಮ ಇದ್ದರೆ ಯಂತ್ರದ್ದು.

ಇಂಗ್ಲೆಂಡಿನಲ್ಲಿ ಮಹಾಗನಿ ಸಾಮಾನು ಹೆಚ್ಚಿದ್ದಕ್ಕೆ ಒಂದು ಕಾರಣ ಇದೆ. 1721ರಲ್ಲಿ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕ ತೆಗೆದರು. ಅದಕ್ಕೆ ಮುಂಚೆ ಒಳ್ಳೆಯ ಮೇಜುಗಳು ವಾಲ್ನಟ್‌ನಲ್ಲಿ ಆಗುತ್ತಿದ್ದವು, ಆಮೇಲೆ ನಿಧಾನವಾಗಿ ಎಲ್ಲರೂ ಮಹಾಗನಿಗೆ ಬಂದರು. ಹಾಗಾಗಿ ಇಂಥ ಮೇಜು ಮಹಾಗನಿ ಅಂತ ಗೊತ್ತಾದರೆ ಬೇಸರ ಪಡುವ ಕಾರಣ ಏನೂ ಇಲ್ಲ, ಆ ಕಾಲಕ್ಕೆ ಅದೇ ಸರಿಯಾದ ಮರ.

ರೋಸ್‌ವುಡ್ ಅಂತ ಸುಮ್ನೆ ಬರೆದುಕೊಂಡು ಮಾರಲು ಹೋಗಬೇಡಿ. ರೋಸ್‌ವುಡ್ ಸೇರಿದ ಡಾಲ್ಬರ್ಜಿಯಾ ಜಾತಿಯ ಮರಗಳೆಲ್ಲ 2017ರಿಂದ ಸೈಟಿಸ್ ಪಟ್ಟಿಯಲ್ಲಿವೆ, ಅಂದರೆ ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿ. ಬ್ರೆಜಿಲಿನ ರೋಸ್‌ವುಡ್ ಅಂತೂ 1992ರಿಂದಲೇ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ದೇಶ ದಾಟಿಸಬೇಕಾದರೆ ಅನುಮತಿ ಪತ್ರ ಬೇಕಾಗುತ್ತದೆ. ಮಹಾಗನಿ ಕೂಡ ಆ ಪಟ್ಟಿಯಲ್ಲಿದೆ, ಆದರೆ ಅಲ್ಲಿ ನಿರ್ಬಂಧ ಇರುವುದು ದಿಮ್ಮಿ, ಹಲಗೆ, ವೆನೀರ್ ಇಂಥವಕ್ಕೆ, ಮಾಡಿ ಮುಗಿಸಿದ ಮೇಜಿಗಲ್ಲ. ತಪ್ಪು ಹೆಸರು ಹಾಕಿದರೆ ಬೆಲೆಯೂ ಬರಲ್ಲ, ತೊಂದರೆ ಮಾತ್ರ ಬರುತ್ತದೆ.

---

ಹಳೇಮೇಜು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಟಾರ್ಚ್ ಹಿಡಿದು ಎಲ್ಲ ನೋಡಿದೆ. ಕಂಡದ್ದನ್ನು ಹಾಗೇ ಬರೆಯುತ್ತೇನೆ.

ಡ್ರಾಯರ್ ಹಲ್ಲುಗಳು ಒಂದರ ಹಾಗೆ ಒಂದಿಲ್ಲ, ಗೀರಿದ ಗೆರೆ ಇದೆ. ಪಕ್ಕದ ಹಲಗೆ ಓಕ್ ಅನ್ನಿಸುತ್ತದೆ, ರಂಧ್ರಗಳ ಸಾಲು ಕಾಣುತ್ತದೆ. ಮುಂದಿನ ಹಲಗೆ ಗಟ್ಟಿ, ವೆನೀರ್ ಅಲ್ಲ, ಒಳಬದಿ ಕೆಂಪು ಕಂದು, ಕಪ್ಪು ಗೆರೆ ಇಲ್ಲ. ಹಾಗಾದರೆ ಮಹಾಗನಿಯೇ. ತಳದ ಎಳೆ ಎಡದಿಂದ ಬಲಕ್ಕೆ. ಅಡಿಯಲ್ಲಿ ನೇರ ಗೆರೆಗಳು, ಅಂತರ ಒಂದೇ ಸಮ ಇಲ್ಲ. ಡ್ರಾಯರ್ ಜಾರುವ ಕೆಳ ಅಂಚು ಹಿಂದಿನ ಕಡೆ ಚೆನ್ನಾಗಿ ಸವೆದು, ಅಲ್ಲಿಗೆ ಬೇರೆ ಮರದ ಪಟ್ಟಿ ಕೂರಿಸಿದ್ದಾರೆ.

ಪ್ರತಿ ಹಿಡಿಯ ಒಳಬದಿಯಲ್ಲಿ ಈಗಿನ ತೂತುಗಳಲ್ಲದೆ ಮುಚ್ಚಿದ ಹಳೇ ತೂತುಗಳೂ ಇವೆ. ಬೀಗದ ಗೂಡು ಬೀಗಕ್ಕಿಂತ ದೊಡ್ಡದು, ಸಂದಿಗೆ ತೆಳು ಚಕ್ಕೆ ತುರುಕಿದ್ದಾರೆ.

ಇಳಿಜಾರು ಮುಚ್ಚಳದ ಎರಡು ತುದಿಗೂ ಅಡ್ಡಪಟ್ಟಿ ಇದೆ. ಆ ಪಟ್ಟಿಗಳು ನಡುವಿನ ಹಲಗೆಗಿಂತ ಒಂಚೂರು ಉದ್ದ, ಬೆರಳಾಡಿಸಿದರೆ ತಡೆಯುತ್ತದೆ. ಇದು ಯಾಕೆ ಹೀಗೆ?

ಮೇಜಿನ ಹಿಂದೆ ಅಗಲ ಹಲಗೆಗಳು, ಒಂದೊಂದು ಒಂದೊಂದು ಬಣ್ಣಕ್ಕೆ ಕಪ್ಪಾಗಿವೆ. ಮೊಳೆಯ ತಲೆ ಮೂಲೆ ಮೂಲೆಯಾಗಿದೆ, ಒಂದು ಹಲಗೆಗೆ ಮಾತ್ರ ಉಂಡೆ ತಂತಿ ಮೊಳೆ.

ಈಗ ಕಪಾಟು. ಎತ್ತಿ ಪಕ್ಕಕ್ಕಿಟ್ಟೆವು. ಅದು ಕೂತಿದ್ದ ಜಾಗ ಪೂರ್ತಿ ಪಾಲಿಶ್ ಆಗಿದೆ, ಅಷ್ಟೇ ಅಲ್ಲ, ಅಲ್ಲೊಂದು ಶಾಯಿ ದವತಿಯ ಉಂಗುರದ ಕಲೆ ಇದೆ. ಕಪಾಟಿನ ಹಿಂದಿನ ಹಲಗೆಯಲ್ಲಿ ಗೆರೆಗಳು ಕಮಾನಿನ ಹಾಗೆ. ಬಿಚ್ಚಿದ ಸ್ಕ್ರೂ ಚೂಪಾಗಿತ್ತು. ಅಗಲದಲ್ಲೂ ಕಪಾಟು ಮೇಜಿಗಿಂತ ಕಡಿಮೆ, ಎರಡು ಕಡೆ ಸಂದಿ ಕಾಣದ ಹಾಗೆ ಪಟ್ಟಿ ಹೊಡೆದಿದ್ದಾರೆ.

---

ಉಳಿಗರಗಸ:

ಇಷ್ಟು ಚೆನ್ನಾಗಿ ನೋಡಿ ಬರೆದದ್ದಕ್ಕೆ ಖುಷಿಯಾಯಿತು. ಉತ್ತರ ಬಹುಪಾಲು ನೀವೇ ಹೇಳಿಬಿಟ್ಟಿದ್ದೀರಿ.

ಆ ಶಾಯಿ ಕಲೆ ನೋಡಿ, ಅದೊಂದೇ ಸಾಕು. ಮೇಲೆ ಕಪಾಟು ಕೂರಿಸುವ ಮೇಜಾಗಿದ್ದರೆ ಯಾರಿಗೂ ಕಾಣದ ಜಾಗಕ್ಕೆ ಬಡಗಿ ಒಳ್ಳೆಯ ಮರ ಹಾಕಿ ಪಾಲಿಶ್ ಮಾಡುತ್ತಿರಲಿಲ್ಲ, ಸಾಮಾನ್ಯವಾಗಿ ಅಲ್ಲಿ ಒರಟು ಹಲಗೆ ಬಿಡುತ್ತಾರೆ. ನಿಮ್ಮ ಮೇಜು ತನ್ನಷ್ಟಕ್ಕೆ ಒಂಟಿಯಾಗಿ ನಿಂತಿತ್ತು, ಅದರ ನೆತ್ತಿಯ ಮೇಲೆ ಯಾರೋ ದವತಿ ಇಟ್ಟು ಬರೆಯುತ್ತಿದ್ದರು. ಕಪಾಟು ಆಮೇಲೆ ಬಂದದ್ದು. ಇಂಥ ಜೋಡಿಯನ್ನು ಈ ವ್ಯಾಪಾರದಲ್ಲಿ ಮದುವೆ ಮಾಡಿದ್ದು ಅಂತಲೇ ಕರೆಯುತ್ತಾರೆ, ಮತ್ತು ಬರೆಯುವ ಮೇಜು ಮೇಲೆ ಪುಸ್ತಕದ ಕಪಾಟು, ಇದರಲ್ಲಿ ಅದು ತೀರಾ ಸಾಮಾನ್ಯ. ಎರಡು ಬಿಡಿ ಸಾಮಾನಿಗಿಂತ ಒಂದು ಎತ್ತರದ ಸಾಮಾನಿಗೆ ಹೆಚ್ಚು ಬೆಲೆ ಸಿಗುತ್ತಿದ್ದ ಕಾಲದಲ್ಲಿ ಹೀಗೆ ಬಹಳ ಮಾಡಿದ್ದಾರೆ.

ಅಡ್ಡಪಟ್ಟಿ ಹೊರಗೆ ಚಾಚಿರುವುದು ಒಳ್ಳೆಯ ಸುದ್ದಿ. ಮರ ಅಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಮಾಡಿದ ದಿನ ಹಲಗೆ ಮತ್ತು ಪಟ್ಟಿ ಸಮ ಇದ್ದವು. ವರ್ಷ ವರ್ಷ ಹಲಗೆ ಅಗಲದಲ್ಲಿ ಕುಗ್ಗಿತು. ಪಟ್ಟಿಯ ಎಳೆ ಅಡ್ಡಕ್ಕೆ ಓಡುವುದರಿಂದ ಅದು ಇದ್ದ ಹಾಗೇ ಉಳಿಯಿತು. ಇದೇ ಕಾರಣಕ್ಕೆ ಹಳೇ ದುಂಡು ಮೇಜನ್ನು ಎರಡು ದಿಕ್ಕಿಗೆ ಅಳೆದರೆ ಅಳತೆ ಬೇರೆ ಬೇರೆ ಬರುತ್ತದೆ. ಇದನ್ನು ನಕಲು ಮಾಡಲು ಆಗಲ್ಲ ಅಂತಲ್ಲ, ಆದರೆ ನಕಲು ಮಾಡುವವರು ಇಲ್ಲಿಯವರೆಗೆ ಯೋಚಿಸುವುದು ಕಡಿಮೆ.

ಬೀಗದ ಬಗ್ಗೆ. ವಿ ಆರ್ ಮತ್ತು ಕಿರೀಟ ಅಂದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಆದರೆ ಗೂಡು ದೊಡ್ಡದು, ಚಕ್ಕೆ ತುರುಕಿದ್ದಾರೆ ಅಂದಮೇಲೆ ಬೀಗ ಬದಲಾಯಿಸಿದ್ದು. ಅದರ ಕಾಲ ಬೀಗಕ್ಕೆ ಮಾತ್ರ, ಮೇಜಿಗಲ್ಲ. ಹಿಡಿಗಳೂ ಹಾಗೇ, ಮುಚ್ಚಿದ ತೂತುಗಳೇ ಸಾಕ್ಷಿ. ಹಿಂದಿನ ಒಂದು ಹಲಗೆಯ ತಂತಿ ಮೊಳೆ ರಿಪೇರಿಯದು.

ನನ್ನ ಅಂದಾಜು: ಕೆಳಗಿನ ಮೇಜು 18ನೇ ಶತಮಾನದ ಎರಡನೇ ಅರ್ಧದಿಂದ 19ನೇ ಶತಮಾನದ ಶುರುವಿನೊಳಗೆ. ಮಹಾಗನಿ, ತಳದ ಎಳೆ, ಬಡಿದ ಮೊಳೆ, ಕೈ ಗರಗಸ, ಕುಗ್ಗಿದ ಮುಚ್ಚಳ, ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಸರಿಯಾಗಿ 1750 ಅಂತ ಹೇಳಲು ಮಾತ್ರ ಯಾವ ಆಧಾರವೂ ಇಲ್ಲ. ಮಾರಿದವರು ದುಂಡು ಸಂಖ್ಯೆ ಹೇಳಿದ್ದಾರೆ, ಅಷ್ಟೇ. ಕಪಾಟು 1846ರ ನಂತರದ್ದು, 19ನೇ ಶತಮಾನದ ನಡುವಿನಿಂದ ಈಚೆಗೆ.

ಗಾಜನ್ನೂ ಒಮ್ಮೆ ನೋಡಿ. ಓರೆಯಾಗಿ ನಿಂತು ಕಿಟಕಿಯ ಪ್ರತಿಬಿಂಬ ನೋಡುತ್ತ ತಲೆ ಅಲ್ಲಾಡಿಸಿದರೆ ಹಳೇ ಗಾಜಿನಲ್ಲಿ ಬಿಂಬ ಬಳುಕುತ್ತದೆ. ಒಂದಿಷ್ಟೂ ಬಳುಕದ ಗಾಜು 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಹೊರತಂದ ಫ್ಲೋಟ್ ವಿಧಾನದ್ದು ಇರಬಹುದು. ಹಾಗಿದ್ದರೆ ಅದು ಒಡೆದದ್ದಕ್ಕೆ ಬದಲು ಹಾಕಿದ್ದು. ಬಳುಕುವ ಗಾಜು ಎಷ್ಟು ಉಳಿದಿದೆಯೋ ಅಷ್ಟನ್ನು ಜೋಪಾನ ಮಾಡಿ.

---

ಹರಾಜುಕಟ್ಟೆ:

ಬೆಲೆ ಬಗ್ಗೆ ನನಗೆ ಗೊತ್ತಿರುವುದು ಹೇಳುತ್ತೇನೆ. ಇಂಥ ಸಾಮಾನಿಗೆ ಬೆಲೆ ಅಂತ ಒಂದೇ ಒಂದು ಸಂಖ್ಯೆ ಇರುವುದಿಲ್ಲ. ವಿಮೆಗೆ ಬರೆಯುವ ಬೆಲೆ ಎಲ್ಲಕ್ಕಿಂತ ಜಾಸ್ತಿ, ಯಾಕೆಂದರೆ ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ತರಲು ಏನಾಗುತ್ತದೆ ಅನ್ನುವ ಲೆಕ್ಕ ಅದು. ಹರಾಜಿನಲ್ಲಿ ಬರುವುದು ಅದಕ್ಕಿಂತ ಕಡಿಮೆ. ವ್ಯಾಪಾರಿ ನಿಮ್ಮ ಮನೆಗೇ ಬಂದು ಕೊಡುವುದು ಇನ್ನೂ ಕಡಿಮೆ, ಅವರಿಗೆ ಸಾಗಣೆ, ರಿಪೇರಿ, ಜಾಗದ ಬಾಡಿಗೆ ಎಲ್ಲ ಇದೆ ಅಲ್ವಾ. ಯಾವ ಕಾರಣಕ್ಕೆ ಬೆಲೆ ಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಕೇಳಿ. ವಿಮೆಯ ಚೀಟಿ ಹಿಡಿದುಕೊಂಡು ಮಾರಲು ಹೋಗಿ ನಿರಾಸೆ ಪಡುವವರು ಬಹಳ.

ಆನ್‌ಲೈನಿನಲ್ಲಿ ಹುಡುಕುವಾಗ ಜನ ಕೇಳುತ್ತಿರುವ ಬೆಲೆ ನೋಡಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ಮಾರಾಟ ಆಗಿ ಮುಗಿದ ಹರಾಜುಗಳ ಫಲಿತಾಂಶ ನೋಡಿ. ಅಲ್ಲೂ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರು ಕಮಿಷನ್ ಕಟ್ಟುತ್ತಾರೆ, ಮಾರಿದವರ ಕೈಯಿಂದಲೂ ಮುರಿದುಕೊಳ್ಳುತ್ತಾರೆ. ಪ್ರಕಟವಾದ ಸಂಖ್ಯೆಯಲ್ಲಿ ಕಮಿಷನ್ ಸೇರಿದೆಯೋ ಇಲ್ಲವೋ ಅಂತ ಗಮನಿಸಿ.

ಕ್ಯಾಟಲಾಗಿನ ಭಾಷೆ ಓದಲು ಕಲಿಯಿರಿ, ಅಲ್ಲಿ ಒಂದೊಂದು ಮಾತಿಗೂ ತೂಕ ಇದೆ. ಮೂರನೇ ಜಾರ್ಜ್ ಕಾಲದ ಮೇಜು ಅಂದರೆ 1760ರಿಂದ 1820ರೊಳಗೆ ಮಾಡಿದ್ದು ಅಂತ ಅವರು ಒಪ್ಪಿದ್ದಾರೆ. ಮೂರನೇ ಜಾರ್ಜ್ ಶೈಲಿಯ ಮೇಜು ಅಂದರೆ ಆಮೇಲೆ ಯಾವಾಗಲೋ ಆ ರೀತಿಯಲ್ಲಿ ಮಾಡಿದ್ದು. ಒಂದು ಪದ ಬದಲಾದರೆ ಬೆಲೆ ಪಾತಾಳಕ್ಕೆ. ಕಪಾಟು ಹೊಂದಿಸಿದ್ದು, ಹಿಡಿಗಳು ನಂತರದವು, ಇಂಥ ಮಾತುಗಳೂ ಅಲ್ಲಿ ಇರುತ್ತವೆ. ನಿಮ್ಮದಕ್ಕೆ ಹೋಲಿಸಬೇಕಾದ್ದು ಅಂಥ ಸಾಮಾನುಗಳನ್ನು. ಮೇಲೆ ಕೆಳಗೆ ಎರಡೂ ಹುಟ್ಟಿನಿಂದ ಜೊತೆಗಿರುವ ಸಾಮಾನಿನ ಬೆಲೆ ನೋಡಿ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಕಹಿ ವಿಷಯ, ಆದರೆ ಹೇಳಲೇಬೇಕು. ಈ ಥರದ ಕಂದು ಮರದ ದೊಡ್ಡ ಸಾಮಾನುಗಳ ಬೆಲೆ 2000ದ ನಂತರ ತುಂಬಾ ಇಳಿದಿದೆ. ಮನೆಗಳು ಚಿಕ್ಕದಾದವು, ಗೋಡೆಗೆ ಕೂರುವ ಕಪಾಟು ಬಂತು, ಇಳಿಜಾರು ಮುಚ್ಚಳದ ಮೇಜಿನ ಮೇಲೆ ಕಂಪ್ಯೂಟರ್ ಕೂರುವುದಿಲ್ಲ. ವಯಸ್ಸು ಜಾಸ್ತಿ ಆದರೆ ಬೆಲೆ ಜಾಸ್ತಿ ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ. 1950ರ ದಶಕದ ಹೆಸರಾಂತ ವಿನ್ಯಾಸಕರ ಕುರ್ಚಿಯೊಂದು ಇನ್ನೂರು ವರ್ಷದ ಮೇಜಿಗಿಂತ ಎಷ್ಟೋ ಪಟ್ಟು ಹೆಚ್ಚಿಗೆ ಹೋಗುವುದುಂಟು. ಕೊಳ್ಳುವವರಿಗೆ ಮಾತ್ರ ಇದು ಒಳ್ಳೆಯ ಕಾಲ. ಕೈಯಲ್ಲಿ ಮಾಡಿದ, ಗಟ್ಟಿ ಮರದ, ಇನ್ನೂ ಎರಡು ತಲೆಮಾರು ಬಾಳುವ ಮೇಜು ಹೊಸ ಪಾರ್ಟಿಕಲ್ ಬೋರ್ಡ್ ಮೇಜಿನ ಬೆಲೆಗೆ ಸಿಗುವ ಸಂದರ್ಭ ಇದೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ, ಅದನ್ನು ಮಾಡಿದವನ ಕೆಲಸ ನೋಡಿದವರಿಗೆ ಹಾಗನ್ನಿಸದೆ ಇರದು.

ಬೆಲೆ ಕಟ್ಟುವವರನ್ನು ಕರೆಸಿದರೆ ಗಂಟೆಗಿಷ್ಟು ಅಥವಾ ಕೆಲಸಕ್ಕಿಷ್ಟು ಅಂತ ಶುಲ್ಕ ತಗೊಳ್ಳುವವರನ್ನು ಹುಡುಕಿ. ಬೆಲೆಯಲ್ಲಿ ಇಷ್ಟು ಪಾಲು ಅನ್ನುವವರು ಬೇಡ, ಅವರಿಗೆ ಬೆಲೆ ಏರಿಸಿ ಹೇಳುವ ಆಸೆ ಇರುತ್ತದೆ. ಬೆಲೆ ಹೇಳಿ ತಾನೇ ಕೊಳ್ಳುತ್ತೇನೆ ಅನ್ನುವವರೂ ಬೇಡ, ಅವರಿಗೆ ಇಳಿಸುವ ಆಸೆ. ಬರವಣಿಗೆಯಲ್ಲಿ ಕೊಡಬೇಕು, ಯಾವ ಉದ್ದೇಶದ ಬೆಲೆ ಅಂತ ಅದರಲ್ಲಿ ಇರಬೇಕು.

ಅಂದಹಾಗೆ, ಬಹಳ ದೇಶಗಳು ಬಳಸುವ ಕಸ್ಟಮ್ಸ್ ಪಟ್ಟಿಯಲ್ಲಿ 100 ವರ್ಷ ದಾಟಿದ ಸಾಮಾನುಗಳಿಗೆ 9706 ಅಂತ ಬೇರೆ ತಲೆಬರಹ ಇದೆ. ನಿಮ್ಮ ಮೇಜು ಅದಕ್ಕೆ ಸಲೀಸಾಗಿ ಸೇರುತ್ತದೆ. ಹೊರದೇಶಕ್ಕೆ ಕಳಿಸುವುದಾದರೆ ವಯಸ್ಸಿನ ಬಗ್ಗೆ ತಿಳಿದವರ ಚೀಟಿ ಬೇಕಾಗಬಹುದು.

---

ಅರಗುಪಾಲಿಶ್:

ಉಳಿಗರಗಸ ಅವರು ಹೇಳಿದ್ದು ಬಹುಪಾಲು ಒಪ್ಪುತ್ತೇನೆ, ಆದರೆ ಪಾಲಿಶ್ ಮುಟ್ಟಲೇಬೇಡಿ ಅನ್ನುವುದನ್ನು ಯಾವಾಗಲೂ ಒಪ್ಪುವುದಿಲ್ಲ. ಈಗ ಮೇಲಿರುವುದು ಏನು ಅಂತ ಮೊದಲು ಗೊತ್ತಾಗಲಿ. ಕಾಣದ ಜಾಗದಲ್ಲಿ, ಕಾಲಿನ ಒಳಬದಿಯಲ್ಲಿ ಅಂದುಕೊಳ್ಳಿ, ಹತ್ತಿಗೆ ಒಂದು ಹನಿ ಸ್ಪಿರಿಟ್ ಹಾಕಿ ಮುಟ್ಟಿಸಿ. ಅಂಟಂಟಾಗಿ ಕರಗಿದರೆ ಅರಗಿನ ಪಾಲಿಶ್, ಅಂದರೆ ನಾವು ಫ್ರೆಂಚ್ ಪಾಲಿಶ್ ಅನ್ನುವುದು. ಅದು ಯುರೋಪಿನಲ್ಲಿ ಹರಡಿದ್ದು 19ನೇ ಶತಮಾನದ ಮೊದಲ ದಶಕಗಳಲ್ಲಿ. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್, 1920ರ ದಶಕದಿಂದ ಈಚೆಗೆ. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರೆಥೇನ್ ಥರದ್ದು, ಇನ್ನೂ ಈಚಿನದು.

ಅರಗಿನದ್ದೇ ಆಗಿದ್ದರೆ ಕೆರೆಯುವ ಅಗತ್ಯವೇ ಇಲ್ಲ. ಕೊಳೆ ತೆಗೆದು, ಅಲ್ಲಲ್ಲಿ ತೆಳುವಾಗಿ ಹೊಸ ಅರಗು ಕೊಟ್ಟು, ಮೇಲೆ ಮೇಣ ಹಚ್ಚಿದರೆ ಒಳಗಿನ ಬಣ್ಣ ಹಾಗೇ ಉಳಿಯುತ್ತದೆ, ಹೊಳಪೂ ಬರುತ್ತದೆ. ಯಾರೋ 30 ವರ್ಷದ ಹಿಂದೆ ಪಾಲಿಯುರೆಥೇನ್ ಬಳಿದಿದ್ದರೆ, ಅದು ಪ್ಲಾಸ್ಟಿಕ್ ಥರ ಸಿಪ್ಪೆ ಏಳುತ್ತಿದ್ದರೆ, ಅದನ್ನು ಕಾಪಾಡಿ ಏನು ಪ್ರಯೋಜನ? ತಿಳಿದವರ ಕೈಯಲ್ಲಿ ತೆಗೆಸುವುದೇ ಸರಿ. ಉಜ್ಜುವ ಯಂತ್ರದಲ್ಲಲ್ಲ, ಕರಗಿಸಿ. ಹಳೇ ಬಣ್ಣ ಏನಾದರೂ ಬಳಿದಿದ್ದರೆ ಅದನ್ನು ಒಣ ಒಣವಾಗಿ ಉಜ್ಜಲೇಬೇಡಿ, ಅದರಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳಿಗೆ ಬಹಳ ಕೆಟ್ಟದ್ದು.

ಕಾಲಿನ ತೂತುಗಳು. ಒಂದೆರಡು ಮಿಲಿಮೀಟರಿನ ದುಂಡು ತೂತಾದರೆ ಮರ ಕೊರೆಯುವ ಹುಳ ಬೆಳೆದು ಹೊರಬಂದ ದಾರಿ ಅದು. ತೂತು ಇದೆ ಅಂತ ಹುಳ ಇದೆ ಅಂತಲ್ಲ. ಕಾಲಿನ ಕೆಳಗೆ ಕಪ್ಪು ಕಾಗದ ಹಾಸಿ, ಮೆತ್ತಗೆ ತಟ್ಟಿ, ಕೆಲವು ವಾರ ಬಿಟ್ಟು ನೋಡಿ. ತಿಳಿ ಬಣ್ಣದ ಹೊಸ ಪುಡಿ ಬಿದ್ದಿದ್ದರೆ ಹುಳ ಇನ್ನೂ ಬದುಕಿದೆ. ಮರಿಹುಳ ಒಳಗೇ ವರ್ಷಗಟ್ಟಲೆ ತಿನ್ನುತ್ತಿರುತ್ತದೆ, ಹಾಗಾಗಿ ಇವತ್ತು ಪುಡಿ ಇಲ್ಲ ಅಂತ ಮರೆಯಬೇಡಿ, ಬೆಚ್ಚಗಿನ ತಿಂಗಳುಗಳಲ್ಲಿ ಮತ್ತೆ ನೋಡಿ. ಅಲ್ಲಿಯ ತನಕ ಬೇರೆ ಮರದ ಸಾಮಾನಿಗೆ ತಾಗಿಸಿ ಇಡಬೇಡಿ.

ಕೊಳ್ಳುವವರಿಗೂ ಇದರಲ್ಲಿ ಒಂದು ಸುಳಿವಿದೆ. ಹುಳ ನೇರ ದಾರಿ ಹಿಡಿಯುವುದಿಲ್ಲ, ಅಡ್ಡಾದಿಡ್ಡಿ ಕೊರೆಯುತ್ತದೆ. ತೂತಿಗೆ ತೆಳು ತಂತಿ ಹಾಕಿದಾಗ ನೇರವಾಗಿ ಒಳಕ್ಕೆ ಹೋಗಿ ಒಂದೇ ಆಳಕ್ಕೆ ನಿಂತರೆ, ಅದು ಹಳೆಯದಾಗಿ ಕಾಣಲಿ ಅಂತ ಡ್ರಿಲ್ ಹೊಡೆದದ್ದು. ಹಲಗೆಯ ಮೈಮೇಲೆ ಹುಳದ ಸುರಂಗವೇ ಉದ್ದಕ್ಕೆ ಸೀಳಿ ಕಂಡರೆ, ಹುಳ ತಿಂದ ಹಳೇ ಹಲಗೆಯನ್ನು ಆಮೇಲೆ ಕೊಯ್ದು ಬಳಸಿದ್ದಾರೆ ಅಂತ ಅರ್ಥ.

---

ಉಳಿಗರಗಸ:

ಅರಗುಪಾಲಿಶ್ ಅವರೇ, ಸ್ಪಿರಿಟ್ ಪರೀಕ್ಷೆ ಒಪ್ಪಿದೆ. ಒಂದು ಸೇರಿಸುತ್ತೇನೆ: ಪಾಲಿಶ್‌ನ ಕಾಲ ಮೇಜಿನ ಕಾಲ ಅಲ್ಲ. ಇಷ್ಟು ಹಳೇ ಸಾಮಾನಿಗೆ ನಡುವೆ ಯಾರೋ ಮತ್ತೆ ಪಾಲಿಶ್ ಕೊಟ್ಟೇ ಇರುತ್ತಾರೆ. ಹಾಗಾಗಿ ಲ್ಯಾಕರ್ ಕಂಡರೂ ವಯಸ್ಸಿನ ಬಗ್ಗೆ ನಾನು ಹೇಳಿದ್ದು ಬದಲಾಗುವುದಿಲ್ಲ.

---

ಹಳೇಮೇಜು:

ಸ್ಪಿರಿಟ್ ಮುಟ್ಟಿಸಿ ನೋಡಿದೆ, ಅಂಟಾಯಿತು. ಅಂದರೆ ಅರಗು. ಸ್ಯಾಂಡರ್ ಮಾತು ಬಿಟ್ಟೆ. ಮಾರುವ ಯೋಚನೆಯೂ ಸದ್ಯಕ್ಕಿಲ್ಲ, ವಿಮೆಗೆ ಮಾತ್ರ ಬೆಲೆ ಬರೆಸುತ್ತೇನೆ, ಮೇಜು ಬೇರೆ ಕಪಾಟು ಬೇರೆ ಅಂತ. ಆ ಶಾಯಿ ಕಲೆ ತೆಗೆಯುವುದಿಲ್ಲ. ಕೊನೇ ಪ್ರಶ್ನೆ, ಕಪಾಟನ್ನು ಮತ್ತೆ ಮೇಲೆ ಕೂರಿಸಲಾ, ಬೇರೆಯಾಗಿ ಇಡಲಾ?

---

ಹರಾಜುಕಟ್ಟೆ:

ಬೆಲೆಯ ಲೆಕ್ಕದಲ್ಲಿ ಬೇರೆ ಇಟ್ಟರೂ ನಷ್ಟ ಇಲ್ಲ. ಒಂಟಿ ಮೇಜಾಗಿ ಅದು ಪ್ರಾಮಾಣಿಕವಾದ ಸಾಮಾನು, ಸಣ್ಣ ಮನೆಯವರಿಗೂ ಹಿಡಿಸುತ್ತದೆ.

---

ಉಳಿಗರಗಸ:

ಬೇರೆ ಇಡಿ, ಮೇಜಿಗೂ ಅದೇ ಒಳ್ಳೆಯದು. ಕಪಾಟಿನ ಭಾರ ಅದರ ನೆತ್ತಿಗೆ ಬೇಕಾಗಿಯೇ ಇರಲಿಲ್ಲ. ಕಪಾಟಿಗೆ ತಗ್ಗು ಪೀಠ ಮಾಡಿಸಿ, ಹಿಂದಿನಿಂದ ಗೋಡೆಗೆ ಕಟ್ಟಿ, ಇಲ್ಲದಿದ್ದರೆ ಗಾಜಿನ ಬಾಗಿಲು ತೆರೆದಾಗ ಮುಂದಕ್ಕೆ ವಾಲುತ್ತದೆ. ಅಕ್ಕಪಕ್ಕ ಹೊಡೆದ ಪಟ್ಟಿಗಳನ್ನು ಬಿಚ್ಚಿದರೆ ಎಸೆಯಬೇಡಿ, ಚೀಟಿ ಅಂಟಿಸಿ ಕಪಾಟಿನ ಒಳಗೇ ಇಡಿ. ಮೇಜು ಜರುಗಿಸುವಾಗ ಡ್ರಾಯರುಗಳನ್ನು ತೆಗೆದು, ಮುಚ್ಚಳ ಬೀಗ ಹಾಕಿ, ಅಡಿಯ ಚೌಕಟ್ಟು ಹಿಡಿದು ಎತ್ತಿ. ನೆತ್ತಿಯ ಹಲಗೆ ಹಿಡಿದು ಎತ್ತಿದರೆ ಅಂಟು ಬಿಡುತ್ತದೆ. ಬಿಸಿಲು ಬೀಳುವ ಕಿಟಕಿ ಮತ್ತು ಹೀಟರ್ ಎರಡರಿಂದಲೂ ದೂರ ಇರಲಿ. ವಿಮೆಯವರಿಗೆ ಕಳಿಸುವ ಫೋಟೋಗಳಲ್ಲಿ ಡ್ರಾಯರಿನ ಮೂಲೆ, ತಳ, ಹಿಂದಿನ ಹಲಗೆ, ಮುಚ್ಚಳದ ಅಡ್ಡಪಟ್ಟಿ, ಇವೆಲ್ಲ ಇರಲಿ.